ಅರಗಿನ ಮುದ್ರೆಯೊಳಗಿನ ಹೆಂಡತಿ

ಹೋದ ತಿಂಗಳು ಒಂದು ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ನನ್ನ ಹೆಂಡತಿ ಕೆಲಸದಲ್ಲೇ ಇಲ್ಲ ಎಂಬ ವಿಷಯ ನನಗೆ ಗೊತ್ತಾಯಿತು.

ಅವತ್ತೇ ಬೆಳಿಗ್ಗೆ ಆರೂವರೆಗೆ ನಾನೇ ಅವಳನ್ನು ಕುಣಿಗಲ್ ಬಸ್ಸು ಹತ್ತಿಸಿ ಬಂದಿದ್ದೆ. ಅಲ್ಲಿ ಇಳಿದು, ಹುಲಿಯೂರುದುರ್ಗದ ಬಸ್ಸು ಹಿಡಿದು, ಹತ್ತಕ್ಕೆ ಹೈಸ್ಕೂಲಿನಲ್ಲಿ ಗಣಿತ ಶುರು ಮಾಡುವುದು ಅವಳ ಆರು ವರ್ಷದ ರೂಢಿ. ವಾರವೆಲ್ಲ ಅಲ್ಲೊಂದು ಬಾಡಿಗೆ ರೂಮು. ಶನಿವಾರ ಸಂಜೆ ತುಮಕೂರು. ಮದುವೆಯಾಗಿ ಆರು ವರ್ಷ ಅಂತ ಜನ ಹೇಳುತ್ತಾರೆ. ನಾನು ಲೆಕ್ಕ ಹಾಕುವುದು ಭಾನುವಾರಗಳನ್ನು ಮಾತ್ರ.

ಆದರೆ ಅವಳ ವಿದ್ಯಾಸಂಸ್ಥೆಯ ತುಮಕೂರು ಆಫೀಸಿನಲ್ಲಿ ಸೂಪರಿಂಟೆಂಡೆಂಟ್ ರುದ್ರಪ್ಪನವರು ಉದ್ದನೆಯ ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿ ಕನ್ನಡಕ ತೆಗೆದರು.

"ಕಂಪ್ಯೂಟರ್ ಪ್ರಕಾರ ನಿಮ್ಮ ಮಿಸೆಸ್ಸು ಎಲ್ಲೂ ಕೆಲ್ಸ ಮಾಡ್ತಿಲ್ಲ ಸಾರ್. ಕೆಲ್ಸದಲ್ಲೇ ಇಲ್ದಿರೋರನ್ನ ತುಮಕೂರಿಗೆ ಟ್ರಾನ್ಸ್‌ಫರ್ ಮಾಡೋದು ಹೆಂಗೆ?"

"ಹಾಗಾದ್ರೆ ಆರು ವರ್ಷ ಅಲ್ಲಿ ಪಾಠ ಮಾಡಿದ್ದು ಯಾರು?"

"ನಂಗೂ ಗೊತ್ತು, ನಿಮ್ಗೂ ಗೊತ್ತು. ಅದಕ್ಕೆ ಗೊತ್ತಿಲ್ವಲ್ಲ!" ಎಂದು ಮೂಲೆಯಲ್ಲಿ ಹೂವಿನ ಹಾರ ಹಾಕಿಕೊಂಡು ಕೂತಿದ್ದ ಕಂಪ್ಯೂಟರನ್ನು ತೋರಿಸಿದರು. (ಹಾರ ಒಣಗಿತ್ತು. ಆಯುಧಪೂಜೆ ಕಳೆದು ಎಷ್ಟು ದಿನವಾಯಿತು!)

ತುಮಕೂರಿನ ಹೈಸ್ಕೂಲಿನಲ್ಲಿ ಗಣಿತದ ಒಂದೇ ಒಂದು ಹುದ್ದೆ ಖಾಲಿ ಬಿದ್ದಿತ್ತು. ಯಾರು ಮೊದಲು ಅರ್ಜಿ ಹಾಕಿದ್ದಾರೋ ಅವರಿಗೆ ಅದು. ಆರು ವರ್ಷದ ಹಿಂದೆ ಅರ್ಜಿ ಹಾಕಿದ ನನ್ನ ಹೆಂಡತಿಯೇ ಪಟ್ಟಿಯಲ್ಲಿ ಮೊದಲನೆಯವಳು. ಅಂದರೆ, ಆಗಿದ್ದಳು.

ಏನಾಯಿತು ಅಂತ ಹೇಳಬೇಕಾದರೆ ನಿಮಗೆ ಸ್ವಲ್ಪ ವಿಜ್ಞಾನ ಹೇಳಬೇಕು. ಹೆದರಬೇಡಿ, ನನಗೆ ಗೊತ್ತಿರುವುದೂ ಸ್ವಲ್ಪವೇ.

ಈ ಸಂಸ್ಥೆ ಹೋದ ವರ್ಷ ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಆಫೀಸಿಗೆ ಒಂದೊಂದು ಕಂಪ್ಯೂಟರ್ ತಂದಿತು. ಆಯಾ ತಾಲ್ಲೂಕಿನ ಮೇಷ್ಟರುಗಳ ವಿವರ ಆಯಾ ಆಫೀಸಿನ ಪೆಟ್ಟಿಗೆಯಲ್ಲಿ. ಮೂರನ್ನೂ ಸೇರಿಸಿದರೆ ಇಡೀ ಸಂಸ್ಥೆಯ ಪಟ್ಟಿ. ಒಂದು ಕೆಟ್ಟರೆ? ಅದಕ್ಕೂ ಉಪಾಯವಿತ್ತು. ಪ್ರತಿ ಶನಿವಾರ ಎಲ್ಲ ವಿವರವನ್ನೂ ಫ್ಲಾಪಿ ಎಂಬ ಕಪ್ಪು ಚೌಕದ ತಟ್ಟೆಗೆ ನಕಲು ಮಾಡಿ ಬೇರೆ ಊರಿಗೆ ಕಳಿಸಬೇಕು. ಗುಬ್ಬಿಯದು ಕುಣಿಗಲ್ಲಿಗೆ, ಕುಣಿಗಲ್ಲಿನದು ತುಮಕೂರಿಗೆ, ತುಮಕೂರಿನದು ಗುಬ್ಬಿಗೆ. ಬೆಂಗಳೂರಿನಿಂದ ಬಂದ ಕಂಪನಿಯವನು ಇಷ್ಟು ಹೇಳಿ, ಕೊನೆಗೆ "ಜೋಪಾನವಾಗಿಡಿ, ಕಂಡಕಂಡವರ ಕೈಗೆ ಕೊಡಬೇಡಿ" ಎಂದು ಒಂದು ಮಾತು ಸೇರಿಸಿ ಹೋದ.

ಅದೊಂದು ಮಾತು ಸಾಕಾಯಿತು. ಶಾಲೆ ನಡೆಸುವವರಿಗೆ ಜೋಪಾನ ಅಂದರೆ ಏನು? ಪ್ರಶ್ನೆಪತ್ರಿಕೆ! ಪ್ರಶ್ನೆಪತ್ರಿಕೆ ಹೇಗೆ ಕಳಿಸುತ್ತಾರೆ? ಲಕೋಟೆಯಲ್ಲಿಟ್ಟು, ದಾರ ಸುತ್ತಿ, ಅರಗು ಕಾಯಿಸಿ ಸುರಿದು, ಹಿತ್ತಾಳೆ ಮುದ್ರೆ ಒತ್ತಿ. ಫ್ಲಾಪಿಗೂ ಅದೇ ಮರ್ಯಾದೆ ಆಯಿತು. ಮುದ್ರೆ ಒಡೆಯಬೇಕಾದರೆ ಕಾರ್ಯದರ್ಶಿಗಳ ಲಿಖಿತ ಅಪ್ಪಣೆ ಬೇಕು ಅಂತ ಸುತ್ತೋಲೆಯೂ ಹೊರಟಿತು.

ಇನ್ನು, ಕುಣಿಗಲ್ಲಿನಿಂದ ತುಮಕೂರಿಗೆ ಇದನ್ನು ತರುವವರು ಯಾರು? ಹೇಗೂ ವಾರವಾರ ಬರುವ ಬಡಪಾಯಿ ಒಬ್ಬಳಿದ್ದಾಳಲ್ಲ! ನನ್ನ ಹೆಂಡತಿ ಶನಿವಾರ ಕುಣಿಗಲ್ ಆಫೀಸಿಗೆ ಹೋಗಿ, ಸಹಿ ಹಾಕಿ, ಲಕೋಟೆ ತೆಗೆದುಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದಳು. ಭಾನುವಾರ ಅದು ನಮ್ಮ ಮನೆಯ ಬೀರುವಿನಲ್ಲಿ, ಅವಳ ರೇಷ್ಮೆ ಸೀರೆಗಳ ಮೇಲೆ. ಸೋಮವಾರ ನಾನು ರುದ್ರಪ್ಪನವರಿಗೆ ಕೊಟ್ಟು ರಸೀತಿ ತೆಗೆದುಕೊಳ್ಳುತ್ತಿದ್ದೆ. ಒಂದು ವರ್ಷ ಹೀಗೆ ನಡೆಯಿತು. ಒಂದು ಮುದ್ರೆಯೂ ಬಿರುಕು ಬಿಡಲಿಲ್ಲ. ನನಗೆ ಒಳಗೊಳಗೇ ಹೆಮ್ಮೆ.

ಹೋದ ತಿಂಗಳು ಕುಣಿಗಲ್ಲಿನಲ್ಲಿ ಕರೆಂಟು ಹೋಗಿ ಬಂದು, ಬಂದು ಹೋಗಿ, ಆ ಊರಿನ ಕಂಪ್ಯೂಟರ್ ಕಣ್ಣು ಮುಚ್ಚಿತು. ಅದರ ಜೊತೆ ಆ ತಾಲ್ಲೂಕಿನ ಮೇಷ್ಟರುಗಳೆಲ್ಲ, ನನ್ನ ಹೆಂಡತಿಯೂ ಸೇರಿ, ಪಟ್ಟಿಯಿಂದ ಹೋದರು. ಯಾರೂ ಗಾಬರಿಯಾಗಲಿಲ್ಲ. ತುಮಕೂರಿನಲ್ಲಿ ನಕಲು ಇದೆಯಲ್ಲ! ಗುರುವಾರ ಕಂಪನಿಯವನು ಬಂದ. ಕಾರ್ಯದರ್ಶಿಗಳ ಅಪ್ಪಣೆಯೂ ಬಂತು. ಅರ್ಧ ದಿನ ರಜೆ ಹಾಕಿ ನಾನೂ ಹೋಗಿ ನಿಂತೆ. ರುದ್ರಪ್ಪನವರು ಮೊದಲ ಲಕೋಟೆಯ ಮುದ್ರೆಯನ್ನು ಭಕ್ತಿಯಿಂದ ಒಡೆದರು.

ಫ್ಲಾಪಿ ಹೊರಗೆ ಬಂತು. ಬಿಸಿ ಅರಗು ಸುರಿದ ಕಡೆ, ಕರಿದ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಮುದ್ರೆ ಒತ್ತಿದ ಕಡೆ ದುಂಡಗೆ ತಗ್ಗು.

ಎರಡನೆಯದು? ಸೊಟ್ಟ. ಹತ್ತನೆಯದು? ಸೊಟ್ಟ. ಇಡೀ ವರ್ಷದ್ದನ್ನು ಒಡೆದರು. ಕುಣಿಗಲ್ ಆಫೀಸಿನವರನ್ನು ಮೆಚ್ಚಬೇಕು, ಒಂದು ವಾರವೂ ಅರಗಿನಲ್ಲಿ ಜಿಪುಣತನ ಮಾಡಿರಲಿಲ್ಲ.

ಕಂಪನಿಯವನು ತಲೆ ಮೇಲೆ ಕೈಯಿಟ್ಟುಕೊಂಡ. "ಒಂದು ವರ್ಷದಲ್ಲಿ ಒಂದ್ಸಲನಾದ್ರೂ ಹಾಕಿ ನೋಡ್ಬಾರ್ದಿತ್ತಾ ಸಾರ್?"

"ನೋಡ್ಬೇಕಾದ್ರೆ ಸೀಲ್ ಒಡೀಬೇಕು," ಎಂದರು ರುದ್ರಪ್ಪ. "ಸೀಲ್ ಒಡೆದ್ರೆ ಅದು ಭದ್ರವಾಗೈತೆ ಅಂತ ಹೆಂಗನ್ನೋದು?"

ಇದಕ್ಕೆ ಉತ್ತರ ನಿಮ್ಮ ಹತ್ತಿರ ಇದೆಯಾ?

ಆಮೇಲೆ ಕುಣಿಗಲ್ಲಿಗೆ ಹೊಸ ಕಂಪ್ಯೂಟರ್ ಬಂತು. ತಾಲ್ಲೂಕಿನ ಮೇಷ್ಟರುಗಳೆಲ್ಲ ಹೊಸದಾಗಿ ಫಾರಂ ತುಂಬಿ ಕೊಟ್ಟರು. ನನ್ನ ಹೆಂಡತಿ ಮತ್ತೆ ಕೆಲಸಕ್ಕೆ ಬಂದಳು! ಆದರೆ ವರ್ಗಾವಣೆ ಕೇಳಿದ ತಾರೀಖನ್ನು ಹಳೆಯದರ ಹಾಗೆ ಕೈಯಿಂದ ತುಂಬುವಂತಿಲ್ಲ, ಈ ಹೊಸ ಕಂಪ್ಯೂಟರ್ ತಾನೇ ಹಾಕಿಕೊಳ್ಳುತ್ತದಂತೆ. ಟೈಪ್ ಮಾಡಿದ ದಿನವೇ ಅರ್ಜಿ ಹಾಕಿದ ದಿನ. ಹೀಗೆ ನಮ್ಮ ಆರು ವರ್ಷ ಮೂರು ದಿನವಾಯಿತು.

ಆರು ವರ್ಷದ ಹಿಂದಿನ ಅರ್ಜಿಯ ಪ್ರತಿ ಅವಳ ಟ್ರಂಕಿನಲ್ಲಿತ್ತು. ಸ್ವೀಕರಿಸಿದೆ ಎಂಬ ಆಫೀಸಿನ ಸೀಲಿನ ಸಮೇತ. ಅದನ್ನು ಮುಖದ ಮುಂದೆ ಹಿಡಿದೆ. ರುದ್ರಪ್ಪನವರು ನೋಡಿ ನಿಟ್ಟುಸಿರುಬಿಟ್ಟರು.

"ಒರಿಜಿನಲ್ಲೇ ಸಾರ್, ನಾನೇ ಹಾಕಿದ್ ಸೀಲು. ಆದ್ರೆ ಇದು ಪೇಪರು. ಈಗ ಪೇಪರ್ ನಡ್ಯಲ್ಲ."

ಹುದ್ದೆ ಗುಬ್ಬಿಯ ಮೇಷ್ಟರೊಬ್ಬರಿಗೆ ಹೋಯಿತು. ಅವರು ಅರ್ಜಿ ಹಾಕಿ ಎರಡು ತಿಂಗಳಾಗಿತ್ತು. ಒಳ್ಳೆಯವರು, ಅವರದೇನು ತಪ್ಪು? ಆದರೂ ಆ ರಾತ್ರಿ ನನಗೆ ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಗಿತ್ತು. ಒಂದು ವರ್ಷ ಆ ಲಕೋಟೆಯನ್ನು ಕೂಸಿನ ಹಾಗೆ ಹೊತ್ತು ತಿರುಗಿದವನು ನಾನೂ ಅಲ್ಲವೇ? ಒಂದು ದಿನವಾದರೂ ಒಳಗೇನಿದೆ ಅಂತ ಕೇಳಿದ್ದೆನೇ?

ಸಂಸ್ಥೆ ಸುಮ್ಮನೆ ಕೂತಿಲ್ಲ. ಇಂಥ ಅನಾಹುತ ಮತ್ತೆ ಆಗಬಾರದೆಂದು ಹೊಸ ಸುತ್ತೋಲೆ ಹೊರಡಿಸಿದೆ. ಇನ್ನು ಮೇಲೆ ಎರಡು ಲಕೋಟೆ, ಎರಡು ಮುದ್ರೆ.

ನಿನ್ನೆ ಶನಿವಾರ ಅವಳು ಬಂದಳು. ಬ್ಯಾಗಿನಿಂದ ದಪ್ಪನೆಯ ಲಕೋಟೆ ತೆಗೆದು ಬೀರುವಿನಲ್ಲಿಟ್ಟಳು. ಕೆಂಪು ಅರಗು ಫಳಫಳ ಹೊಳೆಯುತ್ತಿತ್ತು.

"ಒಡೆದು ನೋಡೋಣ ಕಣೇ," ಎಂದೆ.

"ಒಡೀರಿ. ಆಮೇಲೆ ನಂಗೆ ಮೆಮೋ ಬರುತ್ತೆ. ಇರೋ ಮೂರು ದಿನದ ಸೀನಿಯಾರಿಟೀನೂ ಹೋಗ್ಲಿ," ಎಂದಳು. ನಗಲಿಲ್ಲ.

ಇದನ್ನು ಬರೆಯುವಾಗ ಅವಳು ಹಜಾರದಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದಾಳೆ. ಇಲ್ಲಿದ್ದಾಳೆ, ಕಣ್ಣಾರೆ ಕಾಣುತ್ತಿದ್ದಾಳೆ, ನಾಳೆ ಬೆಳಿಗ್ಗೆ ಆರೂವರೆವರೆಗೆ ಅನುಮಾನವಿಲ್ಲ.

ಆ ಲಕೋಟೆಯೊಳಗೆ ಇದ್ದಾಳಾ?