ಪುಟ್ಟಬಸಮ್ಮನ ನಾಲ್ಕು ಲಾಡಿಯ ಸಂಚಿ

ತೆರಕಣಾಂಬಿಯಲ್ಲಿ ಪುಟ್ಟಬಸಮ್ಮನ ಬಾಯಿಗೆ ಹೆದರದವರಿರಲಿಲ್ಲ, ಅವಳ ಕೈಯನ್ನು ಹೊಗಳದವರೂ ಇರಲಿಲ್ಲ. ಬಾಯಿಯ ವಿಚಾರ ಮುಂದೆ ತಾನಾಗಿಯೇ ಬರುತ್ತದೆ. ಕೈಯ ವಿಚಾರವೆಂದರೆ ಸಂಚಿ. ಎಲೆ ಅಡಿಕೆ ಹಾಕುವವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಬಟ್ಟೆಯ ಚೀಲ ಅದು. ಹೊರಗಿನಿಂದ ನೋಡಿದರೆ ಒಂದೇ ಚೀಲ. ಲಾಡಿ ಸಡಿಲಿಸಿ ಬಾಯಿ ಬಿಚ್ಚಿದರೆ ಒಳಗೆ ಇನ್ನೊಂದು, ಅದಕ್ಕೂ ಲಾಡಿ, ಅದರೊಳಗೆ ಮತ್ತೊಂದು. ಎಲೆಗೆ ಒಂದು, ಅಡಿಕೆಗೆ ಒಂದು, ಲವಂಗ ಏಲಕ್ಕಿಗೆ ಒಂದು, ಸುಣ್ಣದ ಡಬ್ಬಿಗೆ ಪಕ್ಕದಲ್ಲೊಂದು ಪುಟ್ಟ ಜೇಬು. ಪುಟ್ಟಬಸಮ್ಮ ಇದನ್ನು ಕಲಿತದ್ದು ಅತ್ತೆಯಿಂದ. ಎರಡು ಬಟ್ಟೆಯ ನಡುವೆ ಹಳೇ ಸೀರೆಯನ್ನು ಪದರ ಪದರವಾಗಿ ಇಟ್ಟು, ಒತ್ತಾಗಿ ಕೈಹೊಲಿಗೆ ಹಾಕುತ್ತಿದ್ದಳು. ಲಾಡಿಯ ದಾರವನ್ನು ತೊಡೆಯ ಮೇಲೆ ತಾನೇ ಹೊಸೆದು ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸುತ್ತಿದ್ದಳು.

ಒಂದು ಕಾಲಕ್ಕೆ ಸುತ್ತಲಿನ ಊರುಗಳಲ್ಲಿ ಮದುವೆ ಎಂದರೆ ಬೀಗರಿಗೆ ಅವಳ ಸಂಚಿ ಹೋಗಲೇಬೇಕಿತ್ತು. ಹೆಣ್ಣಿನ ಕಡೆಯವರು ಅದರ ತುಂಬ ಎಲೆ ಅಡಿಕೆ ತುಂಬಿ ಗಂಡಿನ ತಂದೆಯ ಕೈಗೆ ಕೊಡುತ್ತಿದ್ದರು. ಆಮೇಲೆ ಅಂಗಡಿಗಳ ಮುಂದೆ ಗುಟ್ಕಾದ ಚೀಟಿಗಳು ಮಾಲೆಮಾಲೆಯಾಗಿ ತೂಗಾಡತೊಡಗಿದವು. ಹರಿದು ಬಾಯಿಗೆ ಸುರಿದುಕೊಂಡು ಚೀಟಿ ಬಿಸಾಕುವ ಜನಕ್ಕೆ ಸಂಚಿ ಯಾಕೆ ಬೇಕು? ಬೀಗರಿಗೆ ಸ್ಟೀಲ್ ತಟ್ಟೆ ಕೊಡುವುದು ಶುರುವಾಯಿತು. ಪುಟ್ಟಬಸಮ್ಮ ಸೂಜಿಯನ್ನು ಗೋಡೆಯ ಕ್ಯಾಲೆಂಡರಿಗೆ ಚುಚ್ಚಿಟ್ಟು, ಗಂಡನ ಜೊತೆ ಹೊಲಕ್ಕೆ ಹೋಗಿ ಚೆಂಡುಹೂವು ಬಿಡಿಸತೊಡಗಿದಳು.

ಗಂಡ ಮರಿಯಪ್ಪ ಒಳ್ಳೆಯವನು. ಒಳ್ಳೆಯವನು ಎಂದರೆ ಎಲ್ಲರ ಮಾತಿಗೂ ಹೂಂ ಅನ್ನುವವನು. ಹೆಂಡತಿಗೂ ಹೂಂ, ಡಾಕ್ಟರಿಗೂ ಹೂಂ, ಬೀಡಿಗೂ ಹೂಂ. ಆ ಬೀಡಿಯೇ ಅವನ ಎದೆಯನ್ನು ತಿನ್ನುತ್ತಿತ್ತು. ಸಾಲಿನ ತುದಿಯವರೆಗೆ ಹೂವು ಬಿಡಿಸುವಷ್ಟರಲ್ಲಿ ಅವನು ಬದುವಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದ. ಚಾಮರಾಜನಗರದ ಡಾಕ್ಟರು ಎದೆಯ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಬೀಡಿ ಬಿಟ್ಟರೆ ಔಷಧಿ ಕೆಲಸ ಮಾಡುತ್ತೆ. ಬಿಡದಿದ್ದರೆ ನನ್ನ ಹತ್ತಿರ ಬಂದೂ ಪ್ರಯೋಜನ ಇಲ್ಲ" ಎಂದಿದ್ದರು. ಮರಿಯಪ್ಪ ಹೂಂ ಎಂದ. ಆಸ್ಪತ್ರೆಯ ಗೇಟು ದಾಟಿ ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ ಅವನ ಕೈ ಅಂಗಿಯ ಜೇಬಿಗೆ ಹೋಯಿತು, ಬೀಡಿ ತುಟಿಗೆ ಬಂತು, ಕಡ್ಡಿ ಗೀರಿತು.

ಪುಟ್ಟಬಸಮ್ಮ ಅದನ್ನು ಕಿತ್ತುಕೊಂಡು ಚರಂಡಿಗೆ ಎಸೆದಳು. ಮರಿಯಪ್ಪ ಬೆಪ್ಪಾಗಿ ತನ್ನ ಬೆರಳುಗಳನ್ನೇ ನೋಡಿಕೊಂಡ. "ನಾ ಯಾವಾಗ ತಗುದ್ನಮ್ಮಿ ಅದ?" ಎಂದು ನಿಜವಾಗಿಯೂ ಕೇಳಿದ. ಅವಳು ಬಸ್ಸಿನಲ್ಲಿ ಬೈಯಲೇ ಇಲ್ಲ. ಊರು ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಅವಳಿಗೆ ಭಯವಾಗಿತ್ತು. ಬೈದರೆ ಕೇಳುವ ಕಿವಿಯಾದರೂ ಇರುತ್ತದೆ, ಕೈಗೆ ಎಲ್ಲಿಂದ ಕಿವಿ ತರುವುದು ಎಂದು ಅವಳಿಗೆ ಹೊಳೆಯಲಿಲ್ಲ.

ಅದೇ ಬೇಸಿಗೆಯಲ್ಲಿ ಒಂದು ದಿನ ಸೋಮಶೇಖರ ಕುಂಟಿಕೊಂಡು ಬಂದು ಜಗುಲಿಯ ಮೇಲೆ ಕೂತ. ಅವನು ಪುಟ್ಟಬಸಮ್ಮನ ಗೆಳತಿ ಗುರುಮಲ್ಲಮ್ಮನ ಮಗ. ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆಗೆ ಮುಖ ಮಾಡಿ ಅಂಗಡಿ ಇಟ್ಟಿದ್ದ. ನೀಲಗಿರಿ ಎಣ್ಣೆ, ಜೇನುತುಪ್ಪ, ಮರದ ಆನೆ, ಟೋಪಿ, ಅವುಗಳ ಜೊತೆಗೆ ಹೊಗೆ ಸೇದುವ ಬಣ್ಣಬಣ್ಣದ ಗಾಜಿನ ಚಿಲುಮೆಗಳು. ಬಂಡೀಪುರದ ಕಡೆಗೆ ಹೋಗುವ ಪ್ರವಾಸಿಗರು, ಅದರಲ್ಲೂ ಬೆನ್ನಿಗೆ ಮೂಟೆ ಹೊತ್ತ ಪರದೇಶದವರು, ಕಾರು ನಿಲ್ಲಿಸಿ ಅವನ್ನು ಕೊಳ್ಳುತ್ತಿದ್ದರು. ಸೇದುವವರಿಗಿಂತ ಶೋಕೇಸಿನಲ್ಲಿ ಇಡುವವರೇ ಹೆಚ್ಚು ಎಂದು ಸೋಮಶೇಖರ ಹೇಳುತ್ತಿದ್ದ. ನಂಬುವವರು ನಂಬಲಿ. ತೊಂದರೆ ಏನೆಂದರೆ ಘಾಟಿಯ ತಿರುವುಗಳು ಮುಗಿಯುವಷ್ಟರಲ್ಲಿ ಗಾಜು ಚೂರಾಗಿರುತ್ತಿತ್ತು, ಕೊಂಡವರು ವಾಪಸು ಬರುವಾಗ ಅಂಗಡಿಯ ಮುಂದೆ ನಿಂತು ಬೈದು ಹೋಗುತ್ತಿದ್ದರು.

"ಚಿಕ್ಕವ್ವ, ನಮ್ಮವ್ವನ ಸಂಚಿ ನೀನೇ ಹೊಲ್ದಿದ್ದಲ್ವಾ?" ಎಂದ ಅವನು. "ನೆನ್ನೆ ನಾ ಒಂದ್ ಚಿಲುಮೆನ ಅದ್ರೊಳಕ್ಕ ಹಾಕೊಂಡು ಬೈಕಲ್ಲಿ ಓಯ್ತಿದ್ದಿ. ಹಂಗಳದ ತಾವು ಬಿದ್ದೋದಿ. ನನ್ ಮಂಡಿ ಕಿತ್ತೋಯ್ತು, ಗಾಜು ಒಡೀನಿಲ್ಲ ಕಣ."

ಅವನು ಜೇಬಿನಿಂದ ಚಿಲುಮೆ ತೆಗೆದು ಅವಳ ಮುಂದಿಟ್ಟ. ಇದಕ್ಕೆ ಸಂಚಿಯ ಹಾಗೆ ಒಂದು ಗವುಸು ಹೊಲಿದುಕೊಡಬೇಕು, ಎಷ್ಟು ಹೊಲಿದರೂ ತಾನು ತೆಗೆದುಕೊಳ್ಳುತ್ತೇನೆ ಎಂದ.

"ಹೊಗೆ ಎಳಿಯ ಕೊಳ್ವೆಗ ನಾ ಅಂಗಿ ಹೊಲೀಬೇಕಾ?" ಎಂದಳು ಪುಟ್ಟಬಸಮ್ಮ. "ಇಲ್ಲೊಬ್ರು ಎಳ್ದು ಎಳ್ದೇ ಎದೆ ಸುಟ್ಕಂಡು ಕೂತವ್ರ, ಕಾಣಕ್ಕಿಲ್ವಾ ನಿಂಗ? ಓಗು, ಮಂಡಿಗ ಅರಿಶಿನ ಹಚ್ಕ ಓಗು."

ಮೂಲೆಯಲ್ಲಿ ಕೂತಿದ್ದ ಮರಿಯಪ್ಪ ಕೆಮ್ಮು ನಿಲ್ಲುವವರೆಗೆ ಕಾದು, "ಗಾಜು ಏನ್ ತಪ್ಪು ಮಾಡ್ತು ಬುಡು" ಎಂದ. "ಅದು ಒಡೀದೆ ಇರ್ಲಿ ಅಂತ ಕೇಳ್ತಾವ್ನ ಹೈದ."

ಸೋಮಶೇಖರ ಚಿಲುಮೆಯನ್ನು ಅಲ್ಲೇ ಬಿಟ್ಟು ಹೋದ. ಪುಟ್ಟಬಸಮ್ಮ ಅದನ್ನು ಎತ್ತಿ ನೋಡಿದಳು. ನವಿಲುಗರಿಯ ಬಣ್ಣದ ಗಾಜು, ಒಳಗೆ ಹಾಲಿನ ಎಳೆ ಸುತ್ತಿದ ಹಾಗೆ ಬಿಳಿ ಗೆರೆಗಳು. ಚೆಂದವಾಗಿತ್ತು. ಅದು ಚೆಂದವಾಗಿದ್ದದ್ದೇ ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು. ಅದನ್ನು ಅಕ್ಕಿಯ ಡಬ್ಬದೊಳಗೆ ಹೂತಿಟ್ಟು ಹೊಲಕ್ಕೆ ಹೊರಟಳು.

ಹೊಲದಲ್ಲಿ ಅವಳ ಕಣ್ಣು ಹೂವಿನ ಮೇಲಿರಲಿಲ್ಲ, ಗಂಡನ ಕೈಯ ಮೇಲಿತ್ತು. ಆ ಕೈ ಅವನನ್ನು ಕೇಳದೆ ಜೇಬಿಗೆ ಹೋಗುವುದನ್ನು ಅವಳು ಮತ್ತೆ ಮತ್ತೆ ನೋಡಿದಳು. ಜೇಬು ಎದೆಯ ಮೇಲೇ ಇತ್ತು, ಬಾಯಿ ಗೇಣು ದೂರ. ಅಷ್ಟು ಹತ್ತಿರ ಇದ್ದರೆ ಬುದ್ಧಿ ಎಚ್ಚರವಾಗುವ ಮೊದಲೇ ಹೊಗೆ ಒಳಗಿರುತ್ತದೆ. ದಾರಿ ಸ್ವಲ್ಪ ಉದ್ದವಾಗಿದ್ದರೆ? ನಡುವೆ ಒಂದೆರಡು ಬಾಗಿಲು ಇದ್ದರೆ? ಅವಳು ಬಿಡಿಸಿದ ಹೂವನ್ನು ಮಡಿಲಿಗೆ ಹಾಕಿಕೊಳ್ಳುವುದನ್ನು ಮರೆತು ಹಾಗೇ ನಿಂತುಬಿಟ್ಟಳು.

ಸಂಜೆ ಕ್ಯಾಲೆಂಡರಿನಿಂದ ಸೂಜಿ ಕಿತ್ತಳು. ತನ್ನ ಮದುವೆಯ ಕಾಲದ ಸೀರೆಯೊಂದನ್ನು ಹರಿದು ಪದರ ಮಾಡಿದಳು. ಸಂಚಿಗೆ ಎಂದೂ ಇರುವ ಮೂರು ಚೀಲಗಳನ್ನು ಹೊಲಿದು, ಎಲ್ಲದರ ಒಳಗೆ ನಾಲ್ಕನೆಯದೊಂದನ್ನು ಹೊಲಿದಳು. ಅದು ಕಿರಿದಾಗಿ, ಉದ್ದವಾಗಿ, ದಪ್ಪವಾಗಿತ್ತು. ಚಿಲುಮೆ ಅದರೊಳಗೆ ಹಸುಗೂಸಿನ ಹಾಗೆ ಮಲಗಿತು. ಅದಕ್ಕೂ ಅರಿಶಿನದ ಲಾಡಿ ಹಾಕಿ ಬಿಗಿದಳು. ಚಿಲುಮೆಯ ತನಕ ಹೋಗಬೇಕಾದವನು ಎಲೆಯ ಬಾಗಿಲು, ಅಡಿಕೆಯ ಬಾಗಿಲು, ಲವಂಗದ ಬಾಗಿಲು ದಾಟಿ ಹೋಗಬೇಕು. ಲವಂಗದ ಚೀಲವನ್ನು ಅವಳು ಬರಿದಾಗಿ ಬಿಡಲಿಲ್ಲ, ಒಂದು ಚಿಟಿಕೆ ಲವಂಗ ಹಾಕಿಯೇ ಲಾಡಿ ಎಳೆದಳು.

ಸೋಮಶೇಖರ ಬಂದಾಗ ಅವಳು ಆ ಸಂಚಿಯನ್ನು ಜಗುಲಿಯಿಂದ ಕೆಳಗಿನ ಕಲ್ಲಿನ ಮೇಲೆ ಎತ್ತಿ ಹಾಕಿದಳು. ಅವನು ಕಣ್ಣು ಮುಚ್ಚಿಕೊಂಡ. ಬಿಚ್ಚಿ ನೋಡಿದರೆ ಗಾಜಿಗೆ ಒಂದು ಗೀರೂ ಇರಲಿಲ್ಲ. ಅವನು ಹಿಗ್ಗಿ ಬಟ್ಟೆ ತರಲು ಪೇಟೆಗೆ ಓಡಿದ.

ಅವನ ಬೈಕಿನ ಸದ್ದು ಅಡಗಿದ ಮೇಲೆ ಪುಟ್ಟಬಸಮ್ಮ ಅದೇ ಅಳತೆಯ ಇನ್ನೊಂದು ಸಂಚಿಯನ್ನು ಗಂಡನ ಮುಂದಿಟ್ಟಳು. "ಲಾಡಿ ಎಷ್ಟು ಕಾಲ ಬಾಳ್ತದ ಅಂತ ನೋಡ್ಬೇಕು" ಎಂದಳು. "ದಿನ ಪೂರ್ತಿ ಬಿಚ್ಚೋದು ಕಟ್ಟೋದು ಮಾಡೋ ಕೈ ಬೇಕು. ಈ ಊರಲ್ಲಿ ಅಂಥ ಕೈ ಅಂದ್ರ ನಿಂದೇ. ನಿನ್ ಬೀಡಿ ಕಟ್ಟ ಒಳಗಿನ ಚೀಲದಲ್ಲಿ ಮಡಿಕ. ಮೇಲಿಂದ ಮೂರ್ಕೂ ಎಲೆ, ಅಡಿಕ, ಲವಂಗ ನಾ ಕೊಡ್ತೀನಿ, ನೀನೇ ತುಂಬ್ಕ."

ಮರಿಯಪ್ಪ ಹೂಂ ಎಂದ. ಈ ಸಲದ ಹೂಂ ಸ್ವಲ್ಪ ಗಟ್ಟಿಯಾಗಿತ್ತು. ಎದೆ ಕೆಟ್ಟ ಮೇಲೆ ಅವನನ್ನು ಯಾರೂ ಯಾವ ಕೆಲಸಕ್ಕೂ ಕರೆದಿರಲಿಲ್ಲ. ಮೂಟೆ ಎತ್ತಬೇಡ, ನೀರು ಕಟ್ಟಬೇಡ, ಸುಮ್ಮನೆ ಕೂತಿರು ಎನ್ನುವವರೇ ಎಲ್ಲ. ಈಗ ಸೊಂಟದಲ್ಲೊಂದು ಜವಾಬ್ದಾರಿ ಬಂತು. ಟೀ ಅಂಗಡಿಯ ಮೂಗಯ್ಯ ಅದೇನು ಎಂದು ಕೇಳಿದರೆ, "ಟೆಸ್ಟಿಂಗು ಕಣ್ಲಾ, ಗುಂಡ್ಲುಪೇಟ ಪಾರ್ಟಿದು" ಎಂದು ಹೇಳಿಕೊಂಡು ತಿರುಗಿದ. ಮಾರನೆಯ ದಿನ ಅಂಗಿ ಹಾಕಿಕೊಂಡಾಗ ಅದರ ಜೇಬಿನ ಬಾಯಿ ಹೊಲಿದುಹೋಗಿತ್ತು. ಎಲ್ಲ ಅಂಗಿಗಳದ್ದೂ ಹಾಗೇ ಆಗಿತ್ತು. ಅವನು ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟ.

ಮೊದಮೊದಲು ಅವನು ಸಂಚಿಯ ಜೊತೆ ಗುದ್ದಾಡುವುದನ್ನು ಅವಳು ಹೂವಿನ ಸಾಲಿನ ನಡುವಿನಿಂದ ನೋಡುತ್ತಿದ್ದಳು. ಒಂದು ಲಾಡಿ, ಎರಡು ಲಾಡಿ, ಮೂರನೆಯದಕ್ಕೆ ಉಗುರು ಸಿಕ್ಕಿಕೊಂಡು ಗೊಣಗಾಟ, ಕಡೆಗೆ ಬೀಡಿ. ಆಮೇಲಾಮೇಲೆ ಅವನು ಮೂರನೆಯದಕ್ಕೆ ಬಂದು, ಕೈಗೆ ಸಿಕ್ಕ ಲವಂಗವನ್ನು ದವಡೆಗೆ ಹಾಕಿಕೊಂಡು, ಏನು ಹುಡುಕುತ್ತಿದ್ದೆ ಎಂಬಂತೆ ಸುಮ್ಮನೆ ಕೂತುಬಿಡುವುದನ್ನೂ ಕಂಡಳು. ಆದರೆ ಕೇಳಲಿಲ್ಲ. ಪುಟ್ಟಬಸಮ್ಮ ಮಾತನ್ನು ನುಂಗಿಕೊಂಡಳು ಎಂದರೆ ಊರು ನಂಬುವುದಿಲ್ಲ, ಆದರೂ ನುಂಗಿಕೊಂಡಳು. ಬೀಡಿಯ ಮಾತೆತ್ತಿದರೆ ಎಲ್ಲಿ ಅವನಿಗೆ ಬೀಡಿ ನೆನಪಾಗಿಬಿಡುತ್ತದೋ ಎಂಬ ಹೆದರಿಕೆ. ಮಳೆಗಾಲ ಕಳೆಯಿತು. ಕೆಮ್ಮು ತಗ್ಗಿದಂತಿತ್ತು, ಅವನು ಸಾಲಿನ ತುದಿಯವರೆಗೆ ಬಂದು ಅವಳ ಬುಟ್ಟಿಗೂ ಹೂವು ತುಂಬುತ್ತಿದ್ದ. ಅಷ್ಟಾದರೂ ಅವಳ ಅನುಮಾನ ಬಿಡಲಿಲ್ಲ. ತನ್ನೆದುರಿಗೆ ಲವಂಗ, ಬೆನ್ನ ಹಿಂದೆ ಬೀಡಿ ಆಗಿದ್ದರೆ?

ಈ ನಡುವೆ ಗಾಜಿನ ಚಿಲುಮೆಗಳು ಅವಳ ಸಂಚಿಯೊಳಗೆ ಕೂತು ಘಾಟಿ ದಾಟಿ ಹೋಗುತ್ತಿದ್ದವು. ಒಡೆಯಿತು ಎಂದು ಒಬ್ಬರೂ ವಾಪಸು ಬಂದಿರಲಿಲ್ಲ. ಆದರೆ ದೂರು ಬಂತು. ಒಂದು ಬೆಳಗ್ಗೆ ಸೋಮಶೇಖರ ಮುಖ ಹುಳಿ ಮಾಡಿಕೊಂಡು ಬಂದ.

"ಚಿಕ್ಕವ್ವ, ಗಿರಾಕಿಗಳು ನಗಾಡ್ತಾವ್ರ. ಚಿಲುಮೆ ಈಚ್ಗ ಬರೋ ಹೊತ್ಗ ಸೇದೋ ಆಸೆನೇ ಓಯ್ತದಂತ. ಒಂದೇ ಚೀಲ, ಒಂದೇ ಲಾಡಿ ಮಾಡ್ಕೊಡು, ಸಾಕು. ಇಲ್ದಿದ್ರ ಮೈಸೂರಲ್ಲಿ ಸ್ಪಂಜಿನ ಪೌಚು ಮಾಡೋರವ್ರ, ಅವರತ್ರನೇ ಓಯ್ತೀನಿ."

ಪುಟ್ಟಬಸಮ್ಮನಿಗೆ ಕೆಲಸ ಕಳೆದುಕೊಳ್ಳಲು ಮನಸ್ಸಿರಲಿಲ್ಲ. ಕೈಗೆ ಸೂಜಿ ಬಂದ ಮೇಲೆ ಅವಳಿಗೇ ಜೀವ ಬಂದಂತಾಗಿತ್ತು. "ಒಂದೇ ಲಾಡಿ ಆದ್ರ ಅದು ಬೇಗ ಸವೀತದ" ಎಂದು ಹೇಳಿ, ಎಷ್ಟು ಸವೆಯುತ್ತದೆ ಎಂದು ತೋರಿಸಲು ಹಿತ್ತಿಲಲ್ಲಿದ್ದ ಗಂಡನನ್ನು ಕರೆದಳು. ಮರಿಯಪ್ಪ ಬಂದು ಸೊಂಟದಿಂದ ಸಂಚಿ ತೆಗೆದುಕೊಟ್ಟು ಜಗುಲಿಯ ಕಂಬಕ್ಕೆ ಒರಗಿ ನಿಂತ.

ಅವಳು ಸಂಚಿಯನ್ನು ಮಡಿಲಲ್ಲಿಟ್ಟು ಬಿಚ್ಚಿದಳು. ಹೊರಗಿನ ಲಾಡಿ ಬೆವರು ಕೊಳೆ ಹಿಡಿದು ಕಪ್ಪಾಗಿತ್ತು. ಎರಡನೆಯದರ ಅರಿಶಿನವೆಲ್ಲ ಹೋಗಿ ಎಳೆ ಬಿಚ್ಚಿಕೊಂಡಿತ್ತು. ಮೂರನೆಯದು, ಲವಂಗದ ಚೀಲದ್ದು, ಸವೆದು ಸವೆದು ಇನ್ನೊಂದು ಸಲ ಎಳೆದರೆ ತುಂಡಾಗುವ ಹಾಗಿತ್ತು. ಅವಳು ಆ ಚೀಲದೊಳಗೆ ಬೆರಳಿಟ್ಟು ನಾಲ್ಕನೆಯದನ್ನು ಈಚೆಗೆ ಎಳೆದಳು.

ಆ ಲಾಡಿ ತುದಿಯಲ್ಲಿ ಒಂದಿಷ್ಟು ಮಾಸಿತ್ತು, ಅಷ್ಟೆ. ಉಳಿದುದೆಲ್ಲ ಅವಳು ಅದ್ದಿ ಒಣಗಿಸಿದ ದಿನದ ಹಾಗೇ ಹಳದಿಯಾಗಿತ್ತು. ಗಂಟು ಬಿಗಿದು ಕಲ್ಲಾಗಿತ್ತು. ಸೂಜಿಯ ಮೊನೆಯಿಂದ ಅದನ್ನು ಬಿಡಿಸಬೇಕಾಯಿತು. ಒಳಗೆ ಅರ್ಧ ಕಟ್ಟು ಬೀಡಿ ಇತ್ತು, ಎಲೆ ಒಣಗಿ ಪುಡಿಯಾಗುತ್ತಿತ್ತು, ಲವಂಗದ ವಾಸನೆ ಹೊಡೆಯುತ್ತಿತ್ತು.

ಪುಟ್ಟಬಸಮ್ಮ ತಲೆ ಎತ್ತಲಿಲ್ಲ. ಎತ್ತಿದರೆ ತುಂಬಿದ ಕಣ್ಣು ಕಾಣಿಸುತ್ತದೆ ಎಂದು ಆ ದಾರವನ್ನೇ ಬೆರಳಿಗೆ ಸುತ್ತುತ್ತ ಕೂತಳು. ಇಷ್ಟು ಸಂತೋಷ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ.

ಮರಿಯಪ್ಪ ಗಂಟಲು ಸರಿಮಾಡಿಕೊಂಡ. "ಮೂಗಯ್ಯನ ಅಂಗ್ಡೀಲಿ ಒಂದೆರಡ್ ದಪ ಸೇದ್ಬುಟ್ಟೆ, ಸುಳ್ಳೇಳಕ್ಕಿಲ್ಲ" ಎಂದ. "ಮೇಲಿನ ಮೂರ್ ಲಾಡಿ ಪಸಂದಾಗಿ ಟೆಸ್ಟ್ ಮಾಡಿವ್ನಿ. ಒಳಗಿಂದು ಮಾತ್ರ ನನ್ ಕೈಲಿ ಆಗ್ನಿಲ್ಲ ಕಣಮ್ಮಿ. ಅದ್ಕ ನೀ ಬ್ಯಾರೆ ಯಾರ್ನಾರ ನೋಡ್ಕ."

ಸೋಮಶೇಖರ ಒಬ್ಬರ ಮುಖವನ್ನೊಬ್ಬರು ನೋಡದಿದ್ದ ಆ ಇಬ್ಬರನ್ನೂ ನೋಡಿದ. ಮಾಸಿದ ಲಾಡಿಗಳನ್ನೂ ಹಳದಿ ಲಾಡಿಯನ್ನೂ ನೋಡಿದ. ಆಮೇಲೆ ಎದ್ದು ಬೈಕಿನಲ್ಲಿ ತಂದಿದ್ದ ಬಟ್ಟೆಯ ಗಂಟನ್ನು ಬಿಚ್ಚಿ ಜಗುಲಿಯ ಮೇಲಿಟ್ಟ.

"ನಾಲ್ಕು ಲಾಡಿ," ಎಂದಳು ಪುಟ್ಟಬಸಮ್ಮ. ಧ್ವನಿ ಒಡೆದಿತ್ತು, ಆದರೂ ಅವಳದೇ ಧ್ವನಿ. "ಚಿಲುಮೆ ಒಳಗೇ ಇರ್ತದ. ಬೇಕಾದ್ರ ತಗ, ಬ್ಯಾಡಾದ್ರ ಮೈಸೂರಿಗ ಓಗು."

"ಲವಂಗ ನಾನೇ ತಂದ್ಕೊಡ್ತೀನಿ ಬುಡು ಚಿಕ್ಕವ್ವ" ಎಂದ ಸೋಮಶೇಖರ.

ಅವಳು ಹೊಸದಾಗಿ ಹೊಸೆದ ಮೂರು ಲಾಡಿ ತಂದು ಸವೆದವುಗಳ ಜಾಗಕ್ಕೆ ಪೋಣಿಸಿದಳು. ನಾಲ್ಕನೆಯದನ್ನು ಮುಟ್ಟಲಿಲ್ಲ. ಬೀಡಿಯ ಕಟ್ಟನ್ನು ಬಿಸಾಕುತ್ತಾಳೆ ಎಂದು ಮರಿಯಪ್ಪ ನೋಡುತ್ತಿದ್ದ. ಅವಳು ಅದನ್ನು ಇದ್ದಲ್ಲಿಯೇ ಬಿಟ್ಟು, ಹಳದಿ ದಾರವನ್ನು ಎರಡೂ ಕಡೆಯಿಂದ ಎಳೆದು ಬಿಗಿದು, ಲವಂಗದ ಚೀಲವನ್ನು ತುಂಬಿ ಸಂಚಿಯನ್ನು ಅವನ ಕೈಗಿಟ್ಟಳು.

"ಬ್ಯಾರೆಯವ್ರ ಯಾಕ ನೋಡ್ಲಿ?" ಎಂದಳು. "ಸೊಂಟಕ್ಕ ಸಿಕ್ಕಿಸ್ಕ. ಟೆಸ್ಟಿಂಗು ಇನ್ನೂ ಮುಗುದಿಲ್ಲ."