ಮಳೆಗೆ ಹೆದರಿದವರು, ಊಟಕ್ಕೆ ಹೆದರಿದವರು

ಬೆಳಗಾವಿಯ ರಾಮತೀರ್ಥ ನಗರದ ನಮ್ಮ ಕಚೇರಿಯ ಮೇಲಿನ ಕೋಣೆಯಲ್ಲಿ ಅಂದು ನಾವು ನಾಲ್ವರಿದ್ದೆವು. ಮೇಜಿನ ಮುಖ್ಯ ಕುರ್ಚಿಯಲ್ಲಿ ಸಾಹೇಬರು. ಅವರ ಎಡಕ್ಕೆ ನಮ್ಮ ಸಂಯೋಜಕಿ, ಖಾಸಬಾಗದ ಹೆಣ್ಣುಮಗಳು, ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಎದುರಿಗೆ ಪಾರಿಶ್ವಾಡದ ಕಾಕಾ. ಖಾನಾಪುರ ತಾಲೂಕಿನ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳನ್ನು ಕಟ್ಟುತ್ತಲೇ ಕೂದಲು ಬೆಳ್ಳಗಾದವರು. ತುದಿಯಲ್ಲಿ ನಡಾವಳಿ ಪುಸ್ತಕ ತೆರೆದುಕೊಂಡು ನಾನು. ಜುಲೈ ತಿಂಗಳಲ್ಲಿ ಆ ಸಂಘಗಳ ಸಮಾವೇಶವನ್ನು ಪಾರಿಶ್ವಾಡದಲ್ಲಿ ಮಾಡಬೇಕೆಂದು ಮೇಲಿನಿಂದ ಪತ್ರ ಬಂದಿತ್ತು.

ಸಭೆಗೆ ಮೊದಲೇ ಸಾಹೇಬರು ಸಂಯೋಜಕಿಗೆ ನನ್ನೆದುರಿನಲ್ಲಿ ಹೇಳಿದ್ದರು: “ನೋಡ್ರಿ, ಇದೊಂದು ಛಲೋ ಆತಂದ್ರ ನಿಮ್ಮನ್ನ ಕಾಯಂ ಮಾಡ್ರಿ ಅಂತ ನಾನ ಬರೀತೀನಿ. ಕೆಟ್ಟಿತಂದ್ರ ನನ್ನ ಕೈಯಾಗ ಏನೂ ಇಲ್ಲ.” ಮನೆಯಲ್ಲಿ ದುಡಿಯುವವಳು ಆಕೆಯೊಬ್ಬಳೇ.

ಹಾಗಾಗಿ ಆಕೆ ತಂದಿದ್ದ ಹಾಳೆಯ ತಲೆಬರಹ ‘ಏನೇನು ಕೆಡಬಹುದು’ ಎಂದಿತ್ತು. ಮಳೆ ಬಂದರೆ ತಾಡಪತ್ರಿ, ಕರೆಂಟ್ ಹೋದರೆ ಜನರೇಟರ್, ಅದೂ ಕೈಕೊಟ್ಟರೆ ಇನ್ನೊಂದು, ಕೆಸರಾದರೆ ಮರಳು, ಯಾರಾದರೂ ತಲೆಸುತ್ತಿ ಬಿದ್ದರೆ ನರ್ಸಮ್ಮ. ಕಾಕಾ ಹಾಳೆಯನ್ನು ಕಣ್ಣಿನಿಂದ ದೂರ ಹಿಡಿದು ಓದಿದರು.

“ತಂಗಿ, ಇಷ್ಟೆಲ್ಲಾ ವಿಚಾರ ಮಾಡಾಕಿ ನೀ ಲಗ್ನಾ ಹೆಂಗ ಮಾಡ್ಕೊಂಡಿ?”

“ನಮ್ಮಪ್ಪಾರು ಅವ್ರ ಓಣ್ಯಾಗ ಮೂರು ಸಲ ವಿಚಾರಿಸಿ ಬಂದಿದ್ರು ಕಾಕಾ. ನಾನ ಕಳಿಸಿದ್ದೆ.”

ಸಾಹೇಬರು ನಕ್ಕರು. ಕಾಕಾನೂ ನಕ್ಕರು. ಆದರೆ ಊಟಕ್ಕೆ ಎಷ್ಟು ಜನ ಎಂಬ ಮಾತು ಬಂದಾಗ ಕಾಕಾನ ಮುಖ ಬಿಗಿಯಿತು. “ಅದನ್ನ ಬರೀಬ್ಯಾಡ್ರಿ. ಉಣ್ಣಾಕ ಬರೋರನ್ನ ಮೊದಲ ಎಣಿಸಬಾರದು. ನಮ್ಮ ಮನ್ಯಾಗ ಎಣಿಸಿಲ್ಲ.” ಅವರ ಮನೆ ಬಸವಣ್ಣನವರನ್ನು ನಂಬಿದ ಮನೆ. ದಾಸೋಹಕ್ಕೆ ಲೆಕ್ಕ ಹಾಕಿದರೆ ಯಾರೋ ಒಬ್ಬರು ಹಸಿದು ಹೋಗುತ್ತಾರೆ ಎಂದು ಅವರ ಅವ್ವ ಹೇಳುತ್ತಿದ್ದರಂತೆ.

ಸಂಯೋಜಕಿ ಬಿಡಲಿಲ್ಲ. ಮೂರು ದಿನ ಕೂತು ಎಲ್ಲ ಸಂಘಗಳಿಗೂ ಫೋನು ಮಾಡಿದಳು. ಕನ್ನಡದವರು “ಬರ್ತೀವ್ರೀ” ಅಂದರು, ಮರಾಠಿಯವರು “ಯೇತೋ, ಯೇತೋ” ಅಂದರು. ಕೂಡಿಸಿದಾಗ ಮುನ್ನೂರು ದಾಟಿತು. ಹಾಳೆಯನ್ನು ಕಾಕಾನ ಮುಂದಿಟ್ಟಳು.

“ಬರೂದಿಲ್ಲ ಅಂತ ಎಷ್ಟು ಮಂದಿ ಅಂದ್ರು?” ಕಾಕಾ ಕೇಳಿದರು.

“ಯಾರೂ ಅಂದಿಲ್ರಿ.”

“ಹಂಗಾರ ಇದು ಮಂದಿ ಲೆಕ್ಕ ಅಲ್ಲ ತಂಗಿ. ಅವ್ರ ಮರ್ಯಾದಿ ಲೆಕ್ಕ.”

ಅದು ನಿಜ. ನಮ್ಮ ಕಡೆ ಕರೆದವರಿಗೆ ಬರುವುದಿಲ್ಲ ಎಂದು ಯಾರೂ ಮುಖದ ಮೇಲೆ ಹೇಳುವುದಿಲ್ಲ. ಖಾಸಬಾಗದಲ್ಲೇ ಹುಟ್ಟಿ ಬೆಳೆದ ಆಕೆಗೂ ಅದು ಗೊತ್ತಿತ್ತು. ಕಾಗದದ ಮೇಲೆ ಅಂಕಿ ಬಂದ ಕೂಡಲೇ ಮರೆತಿದ್ದಳು, ಅಷ್ಟೆ.

ಅಲ್ಲಿಂದ ನನಗೊಂದು ಚಾಳಿ ಹತ್ತಿತು: ಯಾರು ಯಾವುದಕ್ಕೆ ಹೆದರುತ್ತಾರೆ ಎಂದು ನೋಡುವುದು. ಎರಡೆರಡು ಜನರೇಟರ್ ಬರೆದುಕೊಂಡ ಸಂಯೋಜಕಿ, ಸಂತೆಯ ಗದ್ದಲದಲ್ಲಿ ಮಗಳನ್ನು ಸ್ಕೂಟಿಯ ಮುಂದೆ ನಿಲ್ಲಿಸಿಕೊಂಡು ಸರ್ರನೆ ಹೋಗುತ್ತಿದ್ದಳು. ಹೆಲ್ಮೆಟ್ಟಿನ ಹೆಸರು ಹೇಳಿದರೆ ಸಿಡುಕುವ ಕಾಕಾ, ಸಾರಿನ ಕೊಳಗ ಅರ್ಧಕ್ಕಿಳಿದರೆ ಕೂತಲ್ಲಿ ಕೂಡುತ್ತಿರಲಿಲ್ಲ. ಸಾಹೇಬರಿಗೆ ಮಳೆಯ ಚಿಂತೆಯೂ ಇಲ್ಲ, ಊಟದ ಚಿಂತೆಯೂ ಇಲ್ಲ. ಉದ್ಘಾಟನೆಗೆ ಬರುವ ಅತಿಥಿಗಳು ಮುನಿಸಿಕೊಳ್ಳಬಾರದು, ಅಷ್ಟೆ. ನಾನು ಜೇಬಿನಲ್ಲಿ ಮೂರು ಪೆನ್ನು ಇಟ್ಟುಕೊಳ್ಳುವವನು, ಛತ್ರಿ ಮಾತ್ರ ಒಂದು ಮಳೆಗಾಲದಲ್ಲೂ ಒಯ್ದವನಲ್ಲ. ಧೈರ್ಯವಂತರು, ಪುಕ್ಕಲರು ಎಂದು ಎರಡು ಜಾತಿಯಿದೆ ಎಂದುಕೊಂಡಿದ್ದೆ. ಹಾಗಲ್ಲವೇನೋ ಅನ್ನಿಸತೊಡಗಿತು.

ಆ ವರ್ಷ ಮಳೆ ತಡವಾಗಿತ್ತು. ಸಮಾವೇಶಕ್ಕೆ ಎರಡು ದಿನ ಇರುವಾಗ ಹಿಡಿದದ್ದು ಬಿಡಲೇ ಇಲ್ಲ. ಹಿಂದಿನ ದಿನ ನಾನು, ಸಂಯೋಜಕಿ ಪಾರಿಶ್ವಾಡಕ್ಕೆ ಹೋದೆವು. ಪೆಂಡಾಲು ಒಂದು ಹನಿ ಸೋರಿರಲಿಲ್ಲ. ಆಕೆಯ ಮುಖ ಅರಳಿತ್ತು. ಅಷ್ಟರಲ್ಲಿ ಹೊಲದ ಕಡೆಯಿಂದ ಕಾಕಾ ಬಂದರು, ಮೊಣಕಾಲವರೆಗೆ ಕೆಸರು.

“ಪೆಂಡಾಲ ತೊಯ್ಯೂದಿಲ್ಲ ತಂಗಿ. ಆದ್ರ ಒಳಗ ಕುಂದರಾಕ ಯಾರೂ ಬರೂದಿಲ್ಲ. ಗದ್ದ್ಯಾಗ ನೀರು ನಿಂತೈತಿ. ನಾಳೆ ಊರೂರಿಗೆ ಭತ್ತದ ನಾಟಿ. ನಾಟಿ ಹಚ್ಚೋರು ನಮ್ಮ ಸಂಘದ ಹೆಣ್ಮಕ್ಕಳೇ.”

ಮಳೆ ಬಂದರೆ ಜನ ತೊಯ್ಯುತ್ತಾರೆ ಎಂದು ಆಕೆ ಬರೆದುಕೊಂಡಿದ್ದಳು. ಮಳೆ ಬಂದರೆ ಜನರೇ ಇರುವುದಿಲ್ಲ ಎಂಬುದು ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ಏನು ಬಂದರೂ ನಡೆಯುತ್ತದೆ ಎನ್ನುತ್ತಿದ್ದ ಕಾಕಾ ಕೂಡ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

“ಗದ್ದಿಯಿಂದ ಯಾವಾಗ ಹೊರಗ ಬರ್ತಾರ?” ಆಕೆ ಕೇಳಿದಳು.

“ನಾಕು, ನಾಕೂವರಿ.”

ಆಕೆ ಸಾಹೇಬರಿಗೆ ಫೋನು ಹಚ್ಚಿದಳು. ಅವರ ದನಿ ನನಗೂ ಕೇಳುತ್ತಿತ್ತು. “ಹನ್ನೊಂದಕ್ಕ ಅಂತ ಅತಿಥಿಗೊಳಿಗೆ ಹೇಳೀವ್ರೀ. ಐದೂವರಿಗೆ ಅವ್ರು ಬೆಳಗಾವ್ಯಾಗ ಇನ್ನೊಂದು ಕಡೆ ಹೋಗಬೇಕು.”

“ನಾಕಕ್ಕ ಇಟ್ಟೀನ್ರಿ ಸಾಹೇಬ್ರ.”

“ಕೇಳಾಕ ಹತ್ತೀರೋ, ಹೇಳಾಕ ಹತ್ತೀರೋ?”

ಆಕೆ ಒಂದು ಕ್ಷಣ ಕಣ್ಣು ಮುಚ್ಚಿದಳು. “ಹೇಳಾಕ ಹತ್ತೀನ್ರಿ.”

ಫೋನಿಟ್ಟು ಕಾಕಾನ ಕಡೆ ತಿರುಗಿದಳು. “ಅಡಿಗಿ ಎಷ್ಟು ಮಂದಿಗೆ ಅಂತ ನಾ ಕೇಳೂದಿಲ್ಲ. ನೀವು ಮಾಡಸ್ರಿ.” ಕಾಕಾ ಆಗಲೇ ಅಡಿಗೆಯವರ ಕಡೆ ಹೊರಟಿದ್ದರು.

ಮರುದಿನ ನಾಲ್ಕಕ್ಕೆ ಅತಿಥಿಗಳು ಬಂದರು. ಕುರ್ಚಿಗಳೆಲ್ಲ ಖಾಲಿ. ದೀಪ ಹಚ್ಚಿ, ಫೋಟೊ ತೆಗೆಸಿಕೊಂಡು, ಹತ್ತು ನಿಮಿಷ ಮಾತಾಡಿ ಗಡಿಯಾರ ನೋಡುತ್ತ ಕಾರು ಹತ್ತಿದರು. ಸಂಯೋಜಕಿ ಪೆಂಡಾಲಿನ ಕಂಬಕ್ಕೆ ಒರಗಿ ನಿಂತಿದ್ದಳು. ಸಾಹೇಬರು ಆಕೆಯ ಕಡೆ ನೋಡಲೂ ಇಲ್ಲ.

ಕಾರು ಹೋಗಿ ಕಾಲು ಗಂಟೆಯಾಗಿರಬಹುದು. ಸೀರೆ ಎತ್ತಿ ಕಟ್ಟಿ, ತಲೆಯ ಮೇಲೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಹೆಣ್ಣುಮಕ್ಕಳು ಒಂದೊಂದೇ ಗುಂಪಾಗಿ ಬರತೊಡಗಿದರು. ಕೆಸರುಗಾಲಲ್ಲಿ ಕುರ್ಚಿ ಹೊಲಸಾಗುತ್ತದೆಂದು ನೆಲಕ್ಕೇ ಕುಳಿತರು. ಗೋಧಿ ಹುಗ್ಗಿ, ಅನ್ನ, ಸಾರು ಬಡಿಸುತ್ತಿರುವಾಗಲೇ ಮಾತು ಸುರುವಾಯಿತು. ಎರಡೂ ಭಾಷೆಯಲ್ಲಿ, ಮೈಕಿಲ್ಲದೆ. ಮಾಡಿದ ಹಪ್ಪಳ ಎಲ್ಲಿ ಮಾರಬೇಕು, ಹಿಟ್ಟಿನ ಗಿರಣಿ ಯಾವ ಊರಿಗೆ ಬೇಕು, ಕಚೇರಿಯವರು ಫೋನಿನಲ್ಲಿ ಯಾಕೆ ಅಷ್ಟು ಗಡಿಬಿಡಿಯಿಂದ ಮಾತಾಡುತ್ತಾರೆ. ಸಂಯೋಜಕಿ ಸೌಟು ಹಿಡಿದೇ ಉತ್ತರ ಹೇಳುತ್ತಿದ್ದಳು. ಕಾಕಾ ಕೊಳಗ ಕೊಳಗ ಇಣುಕುತ್ತ ತಿರುಗುತ್ತಿದ್ದರು.

ನನ್ನ ಪಕ್ಕದಲ್ಲಿ ಉಣ್ಣುತ್ತಿದ್ದ ಸಾಹೇಬರು ಬಹಳ ಹೊತ್ತು ಆ ಮಾತು ಕೇಳಿದರು. ಆಮೇಲೆ ನನಗಂದರು: “ಅತಿಥಿಗೊಳು ಹೋದ ಮ್ಯಾಲ ಚಾಲೂ ಆತು ಅಂತ ನಡಾವಳ್ಯಾಗ ಬಂದ್ರ ಮ್ಯಾಲಿನವ್ರು ನನ್ನ ಬಿಡೂದಿಲ್ಲ.”

“ಮತ್ತ ಹೆಂಗ ಬರೀಲಿ ಸಾಹೇಬ್ರ?”

ಅವರು ತಾಟಿನಲ್ಲಿದ್ದದ್ದನ್ನು ಮುಗಿಸಿದರು. “ಆಗಿದ್ದನ್ನ ಬರೀರಿ. ಸಹಿ ನಾ ಮಾಡ್ತೀನಿ.”

ಬರೆದೆ. ಅವರು ಸಹಿ ಮಾಡಿದರು, ಜೊತೆಗೆ ಸಂಯೋಜಕಿಯನ್ನು ಕಾಯಂ ಮಾಡಬೇಕೆಂಬ ಶಿಫಾರಸು ಪತ್ರವನ್ನೂ ಕಳಿಸಿದರು.

ಮೂರು ವಾರದ ನಂತರ ಆದೇಶ ಬಂತು. ಕೆಲಸ ಕಾಯಂ, ಆದರೆ ಬೆಳಗಾವಿಯಲ್ಲಲ್ಲ, ಖಾನಾಪುರದ ಶಾಖೆಯಲ್ಲಿ. ಸಂಯೋಜಕಿ ಅದನ್ನು ಎರಡು ಸಲ ಓದಿ, ಮಡಚಿ ಚೀಲದೊಳಗಿಟ್ಟುಕೊಂಡಳು. ಮುಂದಿನ ಸೋಮವಾರ ಎಂಟು ಗಂಟೆಯ ಬಸ್ಸಿಗೆ ಖಾನಾಪುರಕ್ಕೆ ಹೋಗಿ ಹಾಜರಿ ಪುಸ್ತಕದಲ್ಲಿ ಸಹಿ ಮಾಡಿದಳು.