ಅಪ್ಪನ ಕಾರು, ಮಾವನ ಸ್ಪ್ಯಾನರ್

ನನ್ನ ಮಾವ ಹದಿಮೂರು ವರ್ಷ ನನ್ನ ಕಾರಿನಲ್ಲಿ ಕೂರಲಿಲ್ಲ. ಮೆಟ್ರೋದಲ್ಲಿ ನಿಂತುಕೊಂಡು ಹೋದರು, ಬಿಸಿಲಲ್ಲಿ ಆಟೋದವರ ಜೊತೆ ಜಗಳ ಕಾದರು, ಒಮ್ಮೆ ಮೈ ಕೆಂಡದಂತೆ ಸುಡುವ ಜ್ವರದಲ್ಲೂ ಕ್ಯಾಬ್ ಬರುವವರೆಗೆ ಗೇಟಿನ ಹತ್ತಿರ ಕಾದು ನಿಂತರು. ಕಾರು ಕೆಳಗೆ ಬೇಸ್‌ಮೆಂಟಿನಲ್ಲಿ ಇದ್ದೇ ಇತ್ತು. ಅದು ನನ್ನ ಅಪ್ಪ ಕೊಟ್ಟದ್ದು, ಅದೇ ಅದರ ತಪ್ಪು.

ಮಾವ ಕೊಡಗಿನವರು, ಸೇನೆಯ ವಾಹನ ವರ್ಕ್‌ಶಾಪಿನಲ್ಲಿ ಸುಬೇದಾರರಾಗಿ ನಿವೃತ್ತರಾದವರು. ನಾನು ಹರಿಹರದ ಲೇತ್ ಅಂಗಡಿಯವನ ಮಗಳು. ಅವರ ಮಗನನ್ನು ನಾನು ಕಟ್ಟಿಕೊಂಡದ್ದು ಎರಡು ಮನೆಗೂ ಹಿಡಿಸಿರಲಿಲ್ಲ. ಅಪ್ಪ ಮದುವೆಗೇ ಬರಲಿಲ್ಲ. ಎರಡು ತಿಂಗಳಾದ ಮೇಲೆ ಸಿಟ್ಟಿಳಿದು, ಹೊಸ ಕಾರೊಂದನ್ನು ತಾನೇ ಓಡಿಸಿಕೊಂಡು ಮೂರು ದಿನ ದಾರಿ ಸವೆಸಿ ನೋಯ್ಡಾಕ್ಕೆ ಬಂದ. ಗೇಟಿನಲ್ಲೇ ಮಾವ ತಡೆದರು.

"ನಾವು ಹೆಣ್ಣಿನ ಕಡೆಯಿಂದ ಏನೂ ತಗೊಳ್ಳೋರಲ್ಲ. ಗಾಡಿ ವಾಪಸ್ ತಗೊಂಡು ಹೋಗಿ."

"ನಿಮಗಲ್ಲ ಸ್ವಾಮಿ, ನನ್ನ ಮಗಳಿಗೆ" ಎಂದು ಅಪ್ಪ ಕೀಯನ್ನು ನನ್ನ ಕೈಗೆ ಇಟ್ಟ. ಮಾವ ಒಳಗೆ ಬನ್ನಿ ಅನ್ನಲಿಲ್ಲ. ಮೇ ತಿಂಗಳ ಮಧ್ಯಾಹ್ನ, ಅಪ್ಪನ ಅಂಗಿ ಬೆನ್ನಿಗೆ ಅಂಟಿತ್ತು. ನಾನು ಮೇಲೆ ಓಡಿ ಚೊಂಬಿನಲ್ಲಿ ನೀರು ತರುವಷ್ಟರಲ್ಲಿ ಆಟೋ ಹತ್ತಿ ಹೊರಟುಹೋಗಿದ್ದ. ಆಮೇಲೆ ಅವನು ಈ ಊರಿಗೆ ಕಾಲಿಡಲೇ ಇಲ್ಲ, ನಾಲ್ಕು ವರ್ಷದ ಹಿಂದೆ ತೀರಿಕೊಂಡ. ಆ ಚೊಂಬು ನೀರು ನನ್ನ ಕೈಯಲ್ಲೇ ಉಳಿದದ್ದನ್ನು ನಾನು ಮರೆತಿಲ್ಲ, ಮರೆಯುವ ಇರಾದೆಯೂ ಇರಲಿಲ್ಲ.

ಹೋದ ಮಳೆಗಾಲದಲ್ಲಿ ನಮ್ಮ ಸೊಸೈಟಿಯ ಬೇಸ್‌ಮೆಂಟಿಗೆ ಮೊಣಕಾಲು ಮುಳುಗುವಷ್ಟು ನೀರು ನುಗ್ಗಿತು. ಇಂಜಿನ್ನಿಗೆ ಎಷ್ಟು ಪೆಟ್ರೋಲ್ ಬೇಕು, ಯಾವ ಕ್ಷಣಕ್ಕೆ ಕಿಡಿ ಬೀಳಬೇಕು ಎಂದು ಲೆಕ್ಕ ಹಾಕುವ ಪುಟ್ಟ ಕಂಪ್ಯೂಟರ್ ಪೆಟ್ಟಿಗೆಯೊಂದು ಕಾರಿನೊಳಗೆ ಇರುತ್ತದೆ, ಮೆಕ್ಯಾನಿಕ್‌ಗಳು ಇಸಿಯು ಅನ್ನುತ್ತಾರೆ. ಅದು ನೀರು ಕುಡಿದು ಸತ್ತಿತು. ನನ್ನ ಮಾಡೆಲಿಗೆ ಹೊಸದು ಈಗ ಬರುವುದಿಲ್ಲ. ಹಳೆಯದು ತಂದರೆ ಅದು ಮೊದಲು ತಾನಿದ್ದ ಕಾರಿನ ಕೀಯನ್ನೇ ಕೇಳುತ್ತದೆ. ಅಷ್ಟರಲ್ಲಿ ಸೊಸೈಟಿಯವರು ನೋಟಿಸ್ ಅಂಟಿಸಿದರು: ಆರು ವಾರದೊಳಗೆ ಕದಲದ ಗಾಡಿಗಳನ್ನು ಕೊನೆಯ ಭಾನುವಾರ ಹನ್ನೊಂದಕ್ಕೆ ಕ್ರೇನ್ ತಂದು ಎತ್ತಿಸಲಾಗುವುದು.

"ಗುಜರಿಗೆ ಕೊಟ್ಟು ಕೈ ತೊಳ್ಕೋ" ಅಂದರು ಮಾವ. "ಇನ್ನೆರಡು ವರ್ಷಕ್ಕೆ ಹದಿನೈದು ತುಂಬುತ್ತೆ, ಆಮೇಲೆ ಕಾನೂನು ಪ್ರಕಾರ ಹೇಗೂ ಇಲ್ಲಿ ಓಡಿಸೋ ಹಾಗಿಲ್ಲ."

"ಆ ಎರಡು ವರ್ಷ ಓಡಿಸ್ತೀನಿ. ಪೆಟ್ಟಿಗೆ ನಾನೇ ಮಾಡ್ತೀನಿ."

"ನೀನು? ಇಂಜಿನ್ನಿನ ಕಂಪ್ಯೂಟರು?" ಎಂದು ಅವರು ನಕ್ಕ ನಗೆ ಇದೆಯಲ್ಲ, ಮೈಯೆಲ್ಲ ಉರಿದುಹೋಯಿತು. ನಾನು ಹದಿನೈದು ವರ್ಷದಿಂದ ಇದೇ ನೋಯ್ಡಾದ ಕಾರ್ಖಾನೆಯೊಂದರಲ್ಲಿ ಸರ್ಕ್ಯೂಟ್ ಬೋರ್ಡುಗಳನ್ನು ಪರೀಕ್ಷೆ ಮಾಡುವವಳು. ಆದರೆ ಅವರ ಲೆಕ್ಕದಲ್ಲಿ ನಾನು 'ಫ್ಯಾಕ್ಟರಿಗೆ ಹೋಗ್ತಾಳೆ' ಅಷ್ಟೇ. ಗಂಡ ಗಡಿಯಲ್ಲಿ ಡ್ಯೂಟಿ, ಅತ್ತೆ ಇಲ್ಲ. ಫ್ಲ್ಯಾಟಿನಲ್ಲಿ ನಾನು ಮತ್ತು ಈ ಮನುಷ್ಯ, ಇಬ್ಬರೇ.

ಇಂಥ ಪೆಟ್ಟಿಗೆಯ ನಕ್ಷೆಯನ್ನು ಹವ್ಯಾಸಿಗಳು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಹಂಚುತ್ತಾರೆ. ಖಾಲಿ ಬೋರ್ಡು ತರಿಸಿಕೊಂಡೆ. ಬಿಡಿಭಾಗಕ್ಕೆ ಹಳೇ ದೆಹಲಿಗೆ ಹೋದರೆ ಅಂಗಡಿಯ ಭಯ್ಯಾ ನನ್ನ ಪಟ್ಟಿ ನೋಡಿ, "ಮೇಡಂ, ಇನ್ವರ್ಟರ್ ಬನಾ ರಹೀ ಹೋ ಕ್ಯಾ?" ಅಂದ. ಇನ್ವರ್ಟರ್ ಅಲ್ಲ, ಗಾಡಿಗೆ ಮಿದುಳು ಮಾಡ್ತಿದೀನಿ ಅಂದೆ. "ಅಚ್ಛಾ" ಎಂದು ರಾಗ ಎಳೆದು, ಮನೆಯಿಂದ ಗಂಡಸರು ಯಾರೂ ಬರಲಿಲ್ಲವೇ ಎಂದು ಕೇಳಿದ. ಮನೆಯಲ್ಲಿರುವ ಗಂಡಸನ್ನು ನೆನೆದು ಚೀಲ ಹಿಡಿದು ಬಂದೆ.

ಊಟದ ಟೇಬಲ್ಲೇ ನನ್ನ ಕಾರ್ಖಾನೆ. ಬೆಸುಗೆ ಕಡ್ಡಿ ಕಾಯಿಸಿಕೊಂಡು ಕೂತ ಮೊದಲ ಸಂಜೆಯೇ ಮಾವ ತಟ್ಟೆ ಎತ್ತಿಕೊಂಡು ಬಾಲ್ಕನಿಗೆ ನಡೆದರು.

"ಅನ್ನ ತಿನ್ನೋ ಜಾಗದಲ್ಲಿ ಸೀಸ ಕರಗಿಸ್ತಾರಾ? ಇದೇನು ಮನೆಯಾ, ಕುಲುಮೆಯಾ?"

"ನಿಮ್ಮ ಮಗ ಇದೇ ಟೇಬಲ್ ಮೇಲೆ ಬೂಟಿಗೆ ಪಾಲಿಷ್ ಹಾಕ್ತಾರೆ. ಆಗ ನಿಮ್ಮ ಬಾಯಿಗೆ ಬೀಗ ಬಿದ್ದಿರುತ್ತೆ."

ಐದು ವಾರ ಅವರು ಬಾಲ್ಕನಿಯಲ್ಲೇ ಉಂಡರು. ಉಣ್ಣಲಿ, ನನಗೇನು?

ಬೋರ್ಡನ್ನು ಸೀದಾ ಕಾರಿಗೆ ಕಟ್ಟುವಂತಿಲ್ಲ, ಮೊದಲು ಮೋಸ ಮಾಡಿ ಪರೀಕ್ಷೆ ಮಾಡಬೇಕು. ಅದಕ್ಕೆಂದೇ ಇನ್ನೊಂದು ಸಣ್ಣ ಬೋರ್ಡು ಮಾಡಿದೆ. ಅದು ಸುಳ್ಳು ಇಂಜಿನ್. ಅದರ ಒಂದು ತಿರುಪು ತಿರುಗಿಸಿದರೆ ಇಂಜಿನ್ ಬಿಸಿಯಾಗಿದೆ ಎಂದು ಹೇಳುತ್ತದೆ, ಇನ್ನೊಂದನ್ನು ತಿರುಗಿಸಿದರೆ ಜೋರಾಗಿ ಓಡುತ್ತಿದೆ ಎನ್ನುತ್ತದೆ. ಪೆಟ್ರೋಲ್ ಚಿಮ್ಮಬೇಕಾದ ಕಡೆ ನಾಲ್ಕು ಪುಟ್ಟ ದೀಪ. ಮೊದಲ ಸಲ ಕರೆಂಟ್ ಕೊಟ್ಟಾಗ ಮೂರು ಮಿನುಗಿದವು, ನಾಲ್ಕನೆಯದರ ಪಕ್ಕದಿಂದ ಹೊಗೆ ಎದ್ದಿತು. ಒಂದು ಬಿಡಿಭಾಗವನ್ನು ತಿರುಗುಮುರುಗಾಗಿ ಕೂರಿಸಿದ್ದೆ.

"ಓಹೋ! ಹೊಗೆ ಬಂತಲ್ಲ, ಗಾಡಿ ಸ್ಟಾರ್ಟ್ ಆಯ್ತು ಅನ್ನು!" ಬಾಲ್ಕನಿಯಿಂದ ಬಂತು ದನಿ.

ಮತ್ತೆ ಬಿಚ್ಚಿದೆ, ಮತ್ತೆ ಬೆಸೆದೆ. ಐದನೇ ವಾರದ ಕೊನೆಗೆ ನಾಲ್ಕೂ ದೀಪ ಒಂದರ ಹಿಂದೊಂದು ಮಿನುಗಿದವು. ಮಾವ ಬಾಗಿಲಲ್ಲಿ ನಿಂತು ನೋಡಿದರು. "ಇಂಜಿನ್ನೇ ಇಲ್ಲದೆ ಇಂಜಿನ್ ಓಡಿಸ್ತೀಯಲ್ಲ, ಭೇಷ್" ಎಂದು ಒಳಗೆ ಹೋದರು.

ಕೊನೆಯ ವಾರ ಕಾರ್ಖಾನೆಗೆ ರಜೆ ಹಾಕಿ ಬೇಸ್‌ಮೆಂಟಿಗೆ ಇಳಿದೆ. ಒಳಗಿನ ತಂತಿಗಳನ್ನು ಸರಿಮಾಡಿಕೊಂಡು ಗುರುವಾರ ಬೆಳಿಗ್ಗೆ ಹೊಸ ಬ್ಯಾಟರಿ ಹಾಕಿ ಪೆಟ್ಟಿಗೆ ಕಟ್ಟಿದೆ. ಅವಸರದಲ್ಲಿ ಅದಕ್ಕೆ ಕಾರಿನ ಕೀ ಮೂಲಕ ಕರೆಂಟ್ ಕೊಡದೆ ನೇರ ಬ್ಯಾಟರಿಯಿಂದಲೇ ತಂತಿ ಎಳೆದೆ, ಕೀ ತೆಗೆದರೂ ಪೆಟ್ಟಿಗೆ ಎಚ್ಚರವಾಗಿಯೇ ಇರುತ್ತಿತ್ತು. ಇನ್ನು ಅಂಕಿಗಳ ಕೆಲಸ: ತಣ್ಣಗಿದ್ದಾಗ ಎಷ್ಟು ಪೆಟ್ರೋಲ್, ಬಿಸಿಯಾದಾಗ ಎಷ್ಟು ಎಂದು ಲ್ಯಾಪ್‌ಟಾಪಿನಿಂದ ಒಂದೊಂದೇ ಹಾಕುತ್ತಾ, ಕೀ ತಿರುಗಿಸಿ ನೋಡುತ್ತಾ ಹೋಗಬೇಕು. ಅಂದು ಸಂಜೆಯೇ ಇಂಜಿನ್ ಕೆಮ್ಮಿ, ಅರ್ಧ ನಿಮಿಷ ಓಡಿತು. ಅಯ್ಯೋ, ಆ ಸದ್ದು! ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತೆ.

ಶುಕ್ರವಾರ ಬೆಳಿಗ್ಗೆ ನೋಡಿದರೆ ಅಷ್ಟೂ ಅಂಕಿ ಮಾಯ. ಪೆಟ್ಟಿಗೆ ಹುಟ್ಟಿದ ದಿನದಂತೆ ಖಾಲಿ ಕೂತಿತ್ತು. ಬೆಸುಗೆ ಬಿಟ್ಟಿರಬೇಕೆಂದು ಎಲ್ಲ ಬಿಚ್ಚಿ ತಡಕಿದೆ, ಸಂಜೆಯವರೆಗೆ ಮತ್ತೆ ಅಂಕಿ ತುಂಬಿದೆ. ಶನಿವಾರ ಬೆಳಿಗ್ಗೆ ಮತ್ತದೇ ಕಥೆ. ತಲೆ ಕೆಟ್ಟುಹೋಯಿತು. ಮೂರನೇ ಸಲ ತುಂಬಿ, ಸಂಜೆ ಆರಕ್ಕೆ ಟೀ ಕುಡಿಯಲು ಮೇಲೆ ಹೋದವಳು ಚಾರ್ಜರ್ ಮರೆತೆನೆಂದು ತಕ್ಷಣ ಕೆಳಗೆ ಬಂದೆ. ನನ್ನ ಕಾರಿನ ಬಾನೆಟ್ ತೆರೆದಿತ್ತು. ಕ್ಯಾನ್ವಾಸ್ ಬೂಟು ಹಾಕಿಕೊಂಡು, ಕೈಯಲ್ಲಿ ಹತ್ತನೇ ನಂಬರ್ ಸ್ಪ್ಯಾನರ್ ಹಿಡಿದು, ಮಾವ ಬ್ಯಾಟರಿಯ ತಂತಿ ಕಳಚುತ್ತಿದ್ದರು.

"ನೀವಾ? ನೀವಾ ಇದನ್ನ ಮಾಡ್ತಿರೋದು?"

"ಹೌದು. ದಿನಾ ಸಂಜೆ ಕಳಚ್ತೀನಿ, ಬೆಳಿಗ್ಗೆ ಆರಕ್ಕೆ ಹಾಕ್ತೀನಿ. ನಿಂತ ಗಾಡಿಯ ಬ್ಯಾಟರಿ ಕಳಚಿ ಇಡಬೇಕು. ಇಪ್ಪತ್ತೆಂಟು ವರ್ಷ ಹಾಗೇ ಮಾಡಿದೀನಿ."

"ಇದನ್ನ ಮುಟ್ಟಲ್ಲ ಅಂತ ಶಪಥ ಮಾಡಿದ್ರಲ್ಲ! ನನ್ನ ಅಪ್ಪನ ಕಾರು ಸಾಯ್ಲಿ ಅಂತ ಬೇಕು ಬೇಕಂತಲೇ ಮಾಡಿದೀರಿ. ನಾಳೆ ಕ್ರೇನ್ ಬರುತ್ತೆ, ನಿಮಗೆ ಹಬ್ಬ!"

"ಬಾಯಿ ಮುಚ್ಚು!" ಅವರ ದನಿ ಬೇಸ್‌ಮೆಂಟಿನ ಗೋಡೆಗಳಿಗೆಲ್ಲ ಬಡಿಯಿತು. "ಬೋಳು ತಂತಿ ನೇರ ಬ್ಯಾಟರಿಗೆ ಸಿಕ್ಕಿಸಿಟ್ಟು ಹೋಗ್ತೀಯಲ್ಲ, ಮೇಲೆ ಎಷ್ಟು ಮನೆ ಉಂಟು ಗೊತ್ತಾ? ಕಿಡಿ ಹಾರಿದ್ರೆ ಯಾರು ಹೊಣೆ? ನಿಮ್ಮಪ್ಪ ಬರ್ತಾನಾ?"

ಆ ಕೊನೆಯ ಮಾತಿಗೆ ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಬರೆಯಲು ನಾಚಿಕೆಯಾಗುತ್ತದೆ. ಕಾವಲಿನ ಗಾರ್ಡ್ ಬಂದು ನಿಂತು, ಭಾಷೆ ತಿಳಿಯದಿದ್ದರೂ ಕಿವಿಗೊಟ್ಟು ಕೇಳಿದ.

ಒಂದು ವಿಷಯ ಮಾತ್ರ ಅವತ್ತು ಬಾಯಿ ಬಿಡಲಿಲ್ಲ. ಲ್ಯಾಪ್‌ಟಾಪಿನಲ್ಲಿ ಅಂಕಿ ತುಂಬುವ ತಂತ್ರಾಂಶದಲ್ಲಿ ಒಂದು ಗುಂಡಿ ಇದೆ. ಅದನ್ನು ಒತ್ತಿದರೆ ಅಂಕಿಗಳು ಪೆಟ್ಟಿಗೆಯೊಳಗೆ ಶಾಶ್ವತವಾಗಿ ಉಳಿಯುತ್ತವೆ, ಬ್ಯಾಟರಿ ತೆಗೆದರೂ ಅಳಿಯುವುದಿಲ್ಲ. ಕೂಗಾಡುತ್ತಿರುವಾಗಲೇ ನನಗದು ಹೊಳೆಯಿತು. ಮೂರು ದಿನವೂ ನಾನದನ್ನು ಒತ್ತಿರಲಿಲ್ಲ. ಕಾರ್ಖಾನೆಯಲ್ಲಿ ಬೋರ್ಡಿನ ಕರೆಂಟ್ ನಡುವೆ ಕಡಿಯುವುದೇ ಇಲ್ಲವಲ್ಲ, ಅದೇ ಅಭ್ಯಾಸ. ಹೊಳೆದ ಮೇಲೆ ಇನ್ನೂ ಜೋರಾಗಿ ಕೂಗಿದೆ.

ಭಾನುವಾರ ಬೆಳಗಾಗುವುದರೊಳಗೆ ಕೆಳಗಿದ್ದೆ. ಬ್ಯಾಟರಿಯ ತಂತಿ ಸಿಕ್ಕಿಸಿದೆ, ನೆನಪಿದ್ದಷ್ಟು ಅಂಕಿ ತುಂಬಿದೆ, ಗುಂಡಿ ಒತ್ತಿದೆ, ಕೀ ತಿರುಗಿಸಿದೆ. ಇಂಜಿನ್ ಒದ್ದುಕೊಂಡು 'ಠಪ್' ಎಂದು ನಿಂತಿತು. ಮತ್ತೆ ಠಪ್. ಒಂಬತ್ತೂವರೆಯಾದರೂ ಅಷ್ಟೇ. ಹತ್ತು ಮಾರು ದೂರದ ಕಂಬದ ಹತ್ತಿರ ಮಾವ ಯಾವಾಗ ಬಂದು ನಿಂತಿದ್ದರೋ.

"ಕಿಡಿ ಮುಂಚೆಯೇ ಬೀಳ್ತಾ ಉಂಟು" ಅಂದರು, ಕಂಬಕ್ಕೆ ಹೇಳುವ ಹಾಗೆ.

"ಗೊತ್ತಿದೆ. ಎಷ್ಟು ಮುಂಚೆ ಅಂತ ನೋಡೋಕೆ ನನ್ನ ಹತ್ತಿರ ಟೈಮಿಂಗ್ ಲೈಟ್ ಇಲ್ಲ."

ಅವರು ಮೇಲೆ ಮನೆಗೆ ಹೋಗಿ ತಮ್ಮ ಟ್ರಂಕಿನಿಂದ ಬಟ್ಟೆ ಸುತ್ತಿಟ್ಟ ಟೈಮಿಂಗ್ ಲೈಟ್ ತಂದರು. ಪಿಸ್ತೂಲಿನಂತಿರುವ ದೀಪ ಅದು. ಕಿಡಿ ಬಿದ್ದಾಗಲೆಲ್ಲ ಫಕ್ಕನೆ ಬೆಳಗಿ, ತಿರುಗುವ ಚಕ್ರದ ಗುರುತು ಎಲ್ಲಿದೆ ಎಂದು ತೋರಿಸುತ್ತದೆ. ಆದರೆ ದೀಪ ಹಿಡಿದವಳು ಕೀ ತಿರುಗಿಸಲಾಗುವುದಿಲ್ಲ. ಕೇಳಬೇಕಾಯಿತು.

"ಮಾವ, ಕೀ ತಿರುಗಿಸಿ."

ಅವರು ಬಾಗಿಲು ತೆರೆಯಲಿಲ್ಲ. ಕಿಟಕಿಯೊಳಗೆ ಕೈ ತೂರಿಸಿ, ಸೊಂಟ ಬಗ್ಗಿಸಿ, ಹೊರಗೆ ನಿಂತೇ ತಿರುಗಿಸಿದರು. ಎಂಥಾ ಹಟಮಾರಿ! ಗುರುತು ಹನ್ನೆರಡು ಡಿಗ್ರಿ ಆಚೆ ಇತ್ತು. ಲ್ಯಾಪ್‌ಟಾಪಿನಲ್ಲಿ ತಿದ್ದಿದೆ. ಮುಂದಿನ ಸಲಕ್ಕೆ ಇಂಜಿನ್ ಹತ್ತಿಕೊಂಡಿತು, ಹತ್ತು ಎಣಿಸುವಷ್ಟರಲ್ಲಿ ಆರಿತು. ಮತ್ತೆ ಹತ್ತಿ ಮತ್ತೆ ಆರಿತು. ತಣ್ಣಗಿನ ಇಂಜಿನ್, ಬಿಸಿಯಾಗುವವರೆಗೆ ಯಾರಾದರೂ ಎಕ್ಸಲರೇಟರ್ ಒತ್ತಿ ಹಿಡಿಯಬೇಕು. ದೀಪ, ಲ್ಯಾಪ್‌ಟಾಪ್ ಎರಡನ್ನೂ ನೋಡಿಕೊಳ್ಳಬೇಕಿದ್ದ ನಾನು ಬಾನೆಟ್ ಬಿಟ್ಟು ಬರುವಂತಿರಲಿಲ್ಲ. ಗಂಟೆ ಹತ್ತೂ ನಲವತ್ತು. ಇಳಿಜಾರಿನ ಮೇಲಿಂದ ಕ್ರೇನಿನ ಸರಪಳಿ ಸದ್ದು ಕೇಳಿಸಿತು.

ಇನ್ನೊಂದು ಸಲ ಬೇಡುವುದಕ್ಕಿಂತ ಕಾರು ಹೋಗಲಿ ಎಂದು ನಿಜಕ್ಕೂ ಅಂದುಕೊಂಡೆ. ಬಾಗಿಲು ತೆರೆದ ಸದ್ದಾಯಿತು.

"ಸೀಟು ಹಿಂದಕ್ಕೆ ಹೋಗಲ್ವಾ ಇದು?" ಅಂದರು ಮಾವ, ಮೊಣಕಾಲು ಮಡಚಿಕೊಂಡು ಒಳಗೆ ಕೂತು. ಕೀ ತಿರುಗಿಸಿ ಎಕ್ಸಲರೇಟರ್ ಒತ್ತಿ ಹಿಡಿದರು. ಇಂಜಿನ್ ಹತ್ತಿಕೊಂಡಿತು, ಓಡಿತು, ಓಡುತ್ತಲೇ ಇತ್ತು. ಕ್ರೇನಿನವರನ್ನು ಕರೆತಂದ ಗಾರ್ಡ್ ದೂರದಿಂದಲೇ ಕೈ ಬೀಸಿ, "ಯೇ ಚಾಲೂ ಹೈ, ಛೋಡೋ" ಎಂದು ಅವರನ್ನು ಆಚೆ ಸಾಲಿಗೆ ಕರೆದೊಯ್ದ.

ಇಂಜಿನ್ನಿನ ಬಿಸಿ ಎಂಬತ್ತು ಡಿಗ್ರಿ ಮುಟ್ಟುವವರೆಗೆ ಕಾಲು ತೆಗೆಯುವಂತಿರಲಿಲ್ಲ. ಬೇಸ್‌ಮೆಂಟಿನ ಸೆಕೆಗೆ ಮಾವನ ಅಂಗಿ ಬೆನ್ನಿಗೆ ಅಂಟಿತು, ಕತ್ತಿನಿಂದ ಬೆವರು ಇಳಿಯಿತು.

"ನೀರು ಉಂಟಾ?" ಅಂದರು.

ಬಾಟಲಿ ನನ್ನ ಕಾಲ ಬಳಿಯೇ ಇತ್ತು. ಲ್ಯಾಪ್‌ಟಾಪಿನಲ್ಲಿ ನಲವತ್ತಾರು ತೋರಿಸುತ್ತಿತ್ತು.

"ಇದೆ. ಎಂಬತ್ತಾಗಲಿ. ಕಾಲು ತೆಗೆದರೆ ನಿಂತುಹೋಗುತ್ತೆ."

ನೀರು ಕುಡಿಯಲು ಕಾಲು ತೆಗೆಯಬೇಕಾಗಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಅವರು ಬಾಟಲಿಯನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಎದುರಿನ ಗಾಜಿನತ್ತ ತಿರುಗಿದರು. ಎರಡನೇ ಸಲ ಕೇಳಲಿಲ್ಲ. ಐವತ್ತೆಂಟು, ಅರವತ್ತು.

"ನಿಮ್ಮಪ್ಪ ಅವತ್ತು ಕೇಳಲೂ ಇಲ್ಲ" ಅಂದರು. "ಕೇಳದೆ ಕೊಡಬೇಕಿತ್ತು ನಾನು."

ಆ ಮಾತಿಗಾಗಿ ಹದಿಮೂರು ವರ್ಷ ಕಾದಿದ್ದವಳಿಗೆ ಅದು ಬಂದಾಗ ಏನೂ ತಣಿಯಲಿಲ್ಲ. ಎಂಬತ್ತಾಗುವವರೆಗೂ ಕಾಯಿಸಿಯೇ ಕಾಯಿಸಿದೆ. ಎಂಬತ್ತಾದ ಮೇಲೆ ಗುಂಡಿ ಒತ್ತಿ ಅಂಕಿಗಳನ್ನು ಉಳಿಸಿದೆ, ನಂಬಿಕೆ ಸಾಲದೆ ಇನ್ನೊಮ್ಮೆ ಒತ್ತಿದೆ. ಆಮೇಲೆ ಬಾಟಲಿ ಎತ್ತಿ ಕಿಟಕಿಯೊಳಗೆ ಚಾಚಿದೆ.

ಅವರು ತಲೆ ಎತ್ತಿ ಒಂದೇ ಸಲಕ್ಕೆ ಪೂರ್ತಿ ಕುಡಿದರು. ಖಾಲಿ ಬಾಟಲಿ ವಾಪಸ್ ಕೊಟ್ಟು, ಇಂಜಿನ್ ಆರಿಸಿ, ಇಳಿದರು.

"ಸಂಜೆ ಬ್ಯಾಟರಿ ಕಳಚ್ತೀನಿ" ಅಂದರು.

"ಕಳಚಿ" ಅಂದೆ.